ಬಿದಿರಿಗೆ ನಿಲ್ಲುವ ಘನಾಕೃತಿ, ರಟ್ಟಿಗೆ ನಿಲ್ಲುವ ಘನಾಕೃತಿ: ಡೊಂಬಿವಲಿಯ ಗೂಡುದೀಪಗಳ ದಾಖಲೆ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಈ ದೀಪಾವಳಿಗೆ ಗೂಡುದೀಪಗಳನ್ನು ತಾವೇ ಕಟ್ಟಬೇಕು, ಒಂದೊಂದು ದೀಪ ಒಂದೊಂದು ಘನಾಕೃತಿಯಾಗಿರಬೇಕು ಎಂದು ನಿಶ್ಚಯವಾಗಿತ್ತು. ಮಕ್ಕಳೆಲ್ಲ ಆರನೆಯ ತರಗತಿಯಿಂದ ಒಂಬತ್ತನೆಯವರೆಗಿನವರು. ಮುಖ, ಅಂಚು, ಶೃಂಗ (ಅಂಚುಗಳು ಸೇರುವ ಮೂಲೆ) ಎಂದು ಪುಸ್ತಕದಲ್ಲಿ ಎಣಿಸಿ ಬಲ್ಲವರು, ಕೈಯಲ್ಲಿ ಹಿಡಿದು ಬಲ್ಲವರಲ್ಲ. ಅವರ ಕೈಗೆ ಕೊಡುವ ಮೊದಲು ಒಂದು ಪೂರ್ತಿ ಸೆಟ್ಟನ್ನು ನಾನು ಕಟ್ಟಿ ನೋಡಬೇಕಿತ್ತು. ಅದರ ದಾಖಲೆ ಇದು.

ಪಟ್ಟಿಯಲ್ಲಿ ಒಂಬತ್ತು ಆಕಾರಗಳಿದ್ದವು. ಎಲ್ಲ ಮುಖಗಳೂ ಒಂದೇ ಬಗೆಯ ಸಮಬಹುಭುಜಗಳಾಗಿ, ಪ್ರತಿ ಶೃಂಗದಲ್ಲೂ ಅಷ್ಟೇ ಮುಖಗಳು ಸೇರುವ, ಎಲ್ಲೂ ಒಳಗೆ ತಗ್ಗದ ಉಬ್ಬು ಆಕೃತಿಗಳು ಐದೇ ಐದು. ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೇ ಅದನ್ನು ಸಾಧಿಸಿ ಮುಗಿಸಿದ್ದಾನೆ. ಅವು ಚತುರ್ಮುಖಿ (4 ತ್ರಿಭುಜ), ಘನ (6 ಚೌಕ), ಅಷ್ಟಮುಖಿ (8 ತ್ರಿಭುಜ), ದ್ವಾದಶಮುಖಿ (12 ಪಂಚಭುಜ), ವಿಂಶತಿಮುಖಿ (20 ತ್ರಿಭುಜ). ಆರನೆಯದು ಚೌಕ ಮತ್ತು ತ್ರಿಭುಜ ಬೆರೆತ ಘನಾಷ್ಟಮುಖಿ. ಉಳಿದ ಮೂರು ದುಂಡಗಿನವು: ಸಿಲಿಂಡರ್, ಶಂಕು, ಗೋಳ.

ಹಂತ 1: ಸಾಮಾನು

ಗೂಡುದೀಪಕ್ಕೆ ಇಲ್ಲಿ ಕಂದೀಲು ಎನ್ನುತ್ತಾರೆ. ಕಂದೀಲು ಎಂದರೆ ಮುಂಬಯಿಯಲ್ಲಿ ಮೊದಲು ನೆನಪಾಗುವುದು ಮಾಹಿಮಿನ ಕಂದೀಲು ಗಲ್ಲಿ. ಅಲ್ಲಿ ಒಂದು ಸುತ್ತು ಹಾಕಿ ಗಂಟುಗಳನ್ನು ಹೇಗೆ ಹಾಕುತ್ತಾರೆ, ಕಾಗದವನ್ನು ಎಲ್ಲಿ ಮಡಚುತ್ತಾರೆ ಎಂದು ನೋಡಿಕೊಂಡೆ, ಏನನ್ನೂ ಕೊಳ್ಳಲಿಲ್ಲ. ಕಾಗದ ಮತ್ತು ರಟ್ಟನ್ನು ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ, ಬಲ್ಬು, ಹೋಲ್ಡರು, ವೈರುಗಳನ್ನು ಪಕ್ಕದ ಲೋಹಾರ್ ಚಾಳಿನಿಂದ ತಂದೆವು. ಎರಡೂ ಕ್ರಾಫರ್ಡ್ ಮಾರುಕಟ್ಟೆಯ ಸುತ್ತಿನಲ್ಲೇ ಇರುವುದರಿಂದ ಒಂದೇ ಓಡಾಟದಲ್ಲಿ ಮುಗಿಯಿತು. ದೀಪಾವಳಿಯ ಹಿಂದಿನ ವಾರ ಆ ಕಡೆ ಹೋಗುವವರಿಗೆ ನನ್ನ ಸಹಾನುಭೂತಿ ಇದೆ. ನವರಾತ್ರಿ ಮುಗಿಯುವ ಮೊದಲೇ ಹೋಗಿಬನ್ನಿ.

ಬಿದಿರು ಕಲ್ಯಾಣದ ಕಡೆಯ ಒಂದು ಅಂಗಡಿಯದು. ನಮ್ಮಲ್ಲಿ ಮೇದಾರರು ಮಾಡುವ ಕೆಲಸವನ್ನು ಇಲ್ಲಿ ಬುರುಡ ಸಮುದಾಯದವರು ಮಾಡುತ್ತಾರೆ. ಇಪ್ಪತ್ತು ಅಡಿಯ ಒಂದು ಬಿದಿರನ್ನು ಅವರಿಂದಲೇ ಸಿಗಿಸಿ, 6 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಕಡ್ಡಿಗಳನ್ನು ಮಾಡಿಸಿದೆ. ಸಿಗಿಯುವ ಕೂಲಿ ಬಿದಿರಿನ ಬೆಲೆಗಿಂತ ಹೆಚ್ಚಾಯಿತು. ಆದರೆ ಅಡುಗೆಮನೆಯ ಕತ್ತಿಯಲ್ಲಿ ನಾನೇ ಸಿಗಿದು ನೋಡಿದ ಒಂದು ತುಂಡು ಒಂದು ತುದಿಯಲ್ಲಿ ಪೆನ್ಸಿಲಿನಷ್ಟು ದಪ್ಪ, ಇನ್ನೊಂದು ತುದಿಯಲ್ಲಿ ಊದುಬತ್ತಿಯಷ್ಟು ತೆಳ್ಳಗೆ ಬಂದಿತ್ತು. ಕೂಲಿ ಕೊಟ್ಟದ್ದಕ್ಕೆ ಬೇಸರವಿಲ್ಲ.

ಉಪಕರಣಗಳು ಇಷ್ಟೇ: ಸಣ್ಣ ಗರಗಸ, ಬ್ಲೇಡು, ಉಕ್ಕಿನ ಅಳತೆಪಟ್ಟಿ, ಕೈವಾರ, ಕೋನಮಾಪಕ, ಮೇಣ ಸವರಿದ ನೂಲು, ಮೊಳೆ ಹೊಡೆದ ಒಂದು ಹಲಗೆ.

ಹಂತ 2: ಅಂಗೈ ಗಾತ್ರದ ಮಾದರಿ

ಪುಣೆಯ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅನೇಕ ವರ್ಷ ದುಡಿದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಮಾದರಿ ಕಟ್ಟುವುದನ್ನು ದೇಶದ ಮಕ್ಕಳಿಗೆಲ್ಲ ಕಲಿಸಿದವರು. ಬಿದಿರಿಗೆ ಕೈ ಹಾಕುವ ಮೊದಲು ಅದೇ ಉಪಾಯದಿಂದ ಎಲ್ಲವನ್ನೂ ಚಿಕ್ಕದಾಗಿ ಮಾಡಿದೆವು. ವಾಲ್ವ್ ಟ್ಯೂಬನ್ನು ಬೆರಳಿನ ಅಗಲದಷ್ಟು ಕತ್ತರಿಸಿ, ಎರಡು ತುದಿಗಳಿಂದ ಒಂದೊಂದು ಕಡ್ಡಿ ತೂರಿಸಬೇಕು. ಮೂರು ಕಡ್ಡಿಗಳು ಸೇರಬೇಕಾದಲ್ಲಿ ಟ್ಯೂಬಿನ ನಡುವೆ ತೂತು ಮಾಡಬೇಕು. ನಾಲ್ಕು ಸೇರಬೇಕಾದರೆ ಎರಡು ತುಂಡುಗಳನ್ನು ಅಡ್ಡಡ್ಡ ತೂರಿಸಬೇಕು. ಐದು ಕಡ್ಡಿಗಳ ಕೀಲು ಮಾತ್ರ ಗುಂಡುಸೂಜಿಯಲ್ಲಿ ಪೋಣಿಸದೆ ನಿಲ್ಲಲಿಲ್ಲ.

ಈ ಚಿಕ್ಕ ಮಾದರಿಗಳು ಮೇಜಿನ ಮೇಲಿರುವಾಗಲೇ ಮುಂದಿನ ತೊಂದರೆ ಕಂಡಿತ್ತು. ಚತುರ್ಮುಖಿ ಬಿಗಿಯಾಗಿ ಕುಳಿತಿತ್ತು. ಘನ ಒಂದು ಬದಿಗೆ ಒರಗಿತ್ತು. ದ್ವಾದಶಮುಖಿ ನೆಲಕ್ಕೇ ಒರಗಿತ್ತು. ರಬ್ಬರು ಮೆದುವಾಗಿರುವುದೇ ಕಾರಣ, ಬಿದಿರಿನಲ್ಲಿ ಗಟ್ಟಿಯಾಗಿ ಕಟ್ಟಿದರೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ದೋಷ ರಬ್ಬರಿನದಲ್ಲ, ಆಕಾರದ್ದು. ಇಡೀ ಕೆಲಸದ ತಿರುಳು ಅದೇ ಆದ್ದರಿಂದ ಮುಂದೆ ವಿವರವಾಗಿ ಬರೆಯುತ್ತೇನೆ.

ಹಂತ 3: ಕಡ್ಡಿ ಕತ್ತರಿಸುವುದು

ಚತುರ್ಮುಖಿ, ಘನ, ಅಷ್ಟಮುಖಿ, ಘನಾಷ್ಟಮುಖಿಗಳಿಗೆ ಅಂಚು 30 ಸೆಂ.ಮೀ. ವಿಂಶತಿಮುಖಿಗೆ 20, ದ್ವಾದಶಮುಖಿಗೆ 15. ಎಲ್ಲಕ್ಕೂ ಒಂದೇ ಅಂಚು ಇಟ್ಟುಕೊಂಡರೆ ಗಾತ್ರಗಳು ವಿಪರೀತವಾಗುತ್ತವೆ: 30 ಸೆಂ.ಮೀ. ಅಂಚಿನ ಚತುರ್ಮುಖಿ ಬರೀ 24.5 ಸೆಂ.ಮೀ. ಎತ್ತರ, ಅದೇ ಅಂಚಿನ ದ್ವಾದಶಮುಖಿ ತುದಿಯಿಂದ ತುದಿಗೆ 84 ಸೆಂ.ಮೀ. ಅದು ನಮ್ಮ ಬಾಲ್ಕನಿಯ ಬಾಗಿಲಿನಲ್ಲಿ ಹೊರಡುವುದೇ ಇಲ್ಲ.

ಕಡ್ಡಿಯ ಎರಡೂ ತುದಿಗಳಿಂದ 5 ಮಿ.ಮೀ. ಒಳಗೆ ಬ್ಲೇಡಿನಿಂದ ಸುತ್ತಲೂ ಗಾಡಿ (ಸಣ್ಣ ತೋಡು) ಕೊರೆದು, ಅಲ್ಲಿ ನೂಲು ಕೂರುವಂತೆ ಮಾಡಬೇಕು. ಗಾಡಿಯಿಂದ ಗಾಡಿಗೆ 30 ಇರಬೇಕು, ಕಡ್ಡಿಯ ಒಟ್ಟು ಉದ್ದ 31. ಅಳತೆಪಟ್ಟಿ ಇಟ್ಟು ಒಂದೊಂದಾಗಿ ಗುರುತು ಹಾಕಿದ ಮೊದಲ ಕಂತಿನ ಕಡ್ಡಿಗಳಲ್ಲಿ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆ ಇತ್ತು. ಆರು ಕಡ್ಡಿಗಳ ಚತುರ್ಮುಖಿಯಲ್ಲಿ ಅದು ಗೊತ್ತಾಗಲಿಲ್ಲ. ಮೂವತ್ತು ಕಡ್ಡಿಗಳ ವಿಂಶತಿಮುಖಿಯಲ್ಲಿ ಕೊನೆಯ ಕಡ್ಡಿ ತನ್ನ ಜಾಗಕ್ಕೆ ಒಂದೂವರೆ ಸೆಂ.ಮೀ. ಸಾಲದೆ ಹೋಯಿತು. ಅದನ್ನು ಪೂರ್ತಿ ಬಿಚ್ಚಬೇಕಾಯಿತು. ಆಮೇಲೆ ಹಲಗೆಯ ಮೇಲೆ ಬೇಕಾದ ಅಂತರದಲ್ಲಿ ಎರಡು ಮೊಳೆ ಹೊಡೆದು, ಪ್ರತಿ ಕಡ್ಡಿಯನ್ನೂ ಆ ಮೊಳೆಗಳಿಗೆ ಒತ್ತಿ ಹಿಡಿದು ಗಾಡಿ ಕೊರೆದೆ. ಅಳತೆಪಟ್ಟಿಯನ್ನು ಮತ್ತೆ ಮುಟ್ಟಲಿಲ್ಲ.

ಗಿಣ್ಣು ತುದಿಗೆ ಬರದಂತೆ ನೋಡಿಕೊಳ್ಳಿ. ಗಿಣ್ಣಿನ ಮೇಲೆ ಗಾಡಿ ಕೊರೆದರೆ ಕಡ್ಡಿ ಸೀಳುತ್ತದೆ.

ಹಂತ 4: ಕಟ್ಟಿದೊಡನೆ ನಿಂತವು

ಚತುರ್ಮುಖಿ: ನೆಲದ ಮೇಲೆ ಒಂದು ತ್ರಿಭುಜ, ಅದರ ಮೂಲೆಗಳಿಂದ ಮೂರು ಕಡ್ಡಿ ಮೇಲೆ. ಕಾಫಿ ಆರುವ ಮೊದಲು ಮುಗಿಯುವ ಕೆಲಸ.

ಅಷ್ಟಮುಖಿ: ಮೊದಲು ನಾಲ್ಕು ಕಡ್ಡಿಗಳ ಒಂದು ಚೌಕ. ಅದು ಕೈಯಲ್ಲಿ ಸಡಿಲವಾಗಿ ಆಡುತ್ತದೆ. ಮೇಲೆ ನಾಲ್ಕು ಕಡ್ಡಿಗಳನ್ನು ಒಂದು ತುದಿಗೆ ಸೇರಿಸಿದಾಗಲೂ ಅಡಿಯ ಚೌಕ ಸ್ವಲ್ಪ ತಿರುಚುತ್ತದೆ. ಕೆಳಗಿನ ನಾಲ್ಕನ್ನೂ ಕಟ್ಟಿದ ಕ್ಷಣ ಎಲ್ಲ ಆಟ ನಿಂತುಹೋಗುತ್ತದೆ. ತುದಿಯಿಂದ ತುದಿಗೆ 42.4 ಸೆಂ.ಮೀ. ಬರಬೇಕು, ಬಂದಿತು.

ವಿಂಶತಿಮುಖಿ ನೋಡಿದರೆ ಭಯವಾಗುತ್ತದೆ, ಕಟ್ಟುವ ಕ್ರಮ ತಿಳಿದರೆ ಸುಲಭ. ಐದು ಕಡ್ಡಿಗಳನ್ನು ಒಂದು ಗಂಟಿಗೆ ಸೇರಿಸಿ, ಅವುಗಳ ಹೊರತುದಿಗಳನ್ನು ಇನ್ನೈದು ಕಡ್ಡಿಗಳಿಂದ ಸುತ್ತುಗಟ್ಟಿದರೆ ಒಂದು ಟೋಪಿ. ಇಂಥ ಎರಡು ಟೋಪಿಗಳು, ಅಲ್ಲಿಗೆ ಇಪ್ಪತ್ತು ಕಡ್ಡಿಗಳು. ಒಂದನ್ನು ಇನ್ನೊಂದರ ಮೇಲೆ ಬೋರಲು ಹಿಡಿದು, ಮೇಲಿನ ಮೂಲೆ ಕೆಳಗಿನ ಎರಡು ಮೂಲೆಗಳ ನಡುವೆ ಬರುವಂತೆ ತಿರುಗಿಸಿ, ಉಳಿದ ಹತ್ತು ಕಡ್ಡಿಗಳನ್ನು ಹಾವಿನ ನಡೆಯಲ್ಲಿ ಮೇಲೆ ಕೆಳಗೆ ಕಟ್ಟಬೇಕು. ಐದು ಕಡ್ಡಿಗಳ ಗಂಟು ಗಡುಸಾಗಿ ಉಬ್ಬುತ್ತಿತ್ತು. ಅದಕ್ಕೆ ಕಟ್ಟುತಂತಿಯಿಂದ ಬೆರಳಿನ ಉಗುರಿನಷ್ಟು ಬಳೆ ಮಾಡಿ, ಐದೂ ಕಡ್ಡಿಗಳನ್ನು ಬಳೆಗೇ ಕಟ್ಟಿದೆ. ಮುಗಿದ ಮೇಲೆ ಎದುರುಬದುರು ಶೃಂಗಗಳ ನಡುವೆ 38 ಸೆಂ.ಮೀ. ಬಂದಿತು. ಮೈದುನ ಅದರ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದ. ಕಡ್ಡಿ ಬಾಗಿತೇ ಹೊರತು ಆಕಾರ ಕದಲಲಿಲ್ಲ.

ಹಂತ 5: ಘನ ನಿಲ್ಲಲಿಲ್ಲ

ಹನ್ನೆರಡು ಕಡ್ಡಿ, ಎಂಟು ಗಂಟು. ಎಲ್ಲರೂ ಮೊದಲು ಕಲಿಯುವ ಆಕಾರ. ಕೈಬಿಟ್ಟರೆ ಮಲಗುತ್ತದೆ. ಗಂಟುಗಳನ್ನು ಬಿಗಿ ಮಾಡಿದೆ, ಮಲಗಿತು. ಗಂಟಿನ ಮೇಲೆ ಫೆವಿಕಾಲ್ ಸುರಿದು ಒಣಗಿಸಿದೆ; ಒಂದು ರಾತ್ರಿ ನಿಂತು, ಎತ್ತಿ ನೇತುಹಾಕಿದಾಗ ಒಂದೊಂದೇ ಗಂಟು ಕಳಚಿತು. ಮೂಲೆಗಳಿಗೆ ರಟ್ಟಿನ ತ್ರಿಕೋನಗಳನ್ನು ಅಂಟಿಸಿದ್ದು ಪರವಾಗಿರಲಿಲ್ಲ, ಆದರೆ ದೀಪ ಹಾಕಿದಾಗ ಎಂಟು ಮೂಲೆಗಳಲ್ಲೂ ಕಪ್ಪು ಕಲೆಗಳು ಕಾಣುತ್ತಿದ್ದವು.

ಮೈದುನ ಕಟ್ಟಡಗಳ ಉಕ್ಕಿನ ಚೌಕಟ್ಟಿನ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವನು ಹೇಳಿದ: “ಅತ್ತಿಗೆ, ಗಂಟಿನ ಜೊತೆ ಜಗಳ ಬೇಡ. ಶೃಂಗಗಳನ್ನು ಮೂರರಿಂದ ಗುಣಿಸಿ ಆರು ಕಳೆಯಿರಿ. ಅಷ್ಟು ಕಡ್ಡಿಗಳು ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.”

“ಮೊದಲೇ ಹೇಳಬಾರದಿತ್ತೇ?”

“ನೀವು ಕೇಳಲಿಲ್ಲವಲ್ಲ.”

ಸ್ಕಾಟ್ಲೆಂಡಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1864ರಲ್ಲಿ ಕೊಟ್ಟ ಲೆಕ್ಕವಂತೆ ಇದು. ಸೇತುವೆ, ಗೋಪುರಗಳ ಚೌಕಟ್ಟು ಮಾಡುವವರು ಇಂದಿಗೂ ಇದರಿಂದಲೇ ಶುರು ಮಾಡುತ್ತಾರೆ. ಹಾಕಿ ನೋಡಿದೆ. ಚತುರ್ಮುಖಿಗೆ ನಾಲ್ಕು ಶೃಂಗ: ಬೇಕಾದದ್ದು 6 ಕಡ್ಡಿ, ಇರುವುದು 6. ಅಷ್ಟಮುಖಿಗೆ ಆರು ಶೃಂಗ: ಬೇಕಾದದ್ದು 12, ಇರುವುದು 12. ವಿಂಶತಿಮುಖಿಗೆ ಹನ್ನೆರಡು ಶೃಂಗ: ಬೇಕಾದದ್ದು 30, ಇರುವುದು 30. ಮೂರೂ ಒಂದು ಕಡ್ಡಿಯೂ ವ್ಯತ್ಯಾಸವಿಲ್ಲದೆ ಸರಿಯಾಗಿ ಕೂರುತ್ತವೆ. ಘನಕ್ಕೆ ಎಂಟು ಶೃಂಗ: ಬೇಕಾದದ್ದು 18, ಇರುವುದು 12. ಆರು ಕಡ್ಡಿ ಕೊರತೆ. ದ್ವಾದಶಮುಖಿಗೆ ಇಪ್ಪತ್ತು ಶೃಂಗ: ಬೇಕಾದದ್ದು 54, ಇರುವುದು 30. ಕೊರತೆ ಇಪ್ಪತ್ತನಾಲ್ಕು!

ಮಕ್ಕಳಿಗೆ ಹೇಳಲು ಇನ್ನೂ ಸುಲಭದ ದಾರಿ ಸಿಕ್ಕಿತು. ಪ್ರತಿ ಮುಖದ ಬದಿಗಳಲ್ಲಿ ಮೂರು ಕಳೆಯಿರಿ. ಆ ಮುಖಕ್ಕೆ ಅಷ್ಟು ಅಡ್ಡಕಡ್ಡಿ ಬೇಕು. ತ್ರಿಭುಜಕ್ಕೆ ಏನೂ ಬೇಡ, ಚೌಕಕ್ಕೆ ಒಂದು, ಪಂಚಭುಜಕ್ಕೆ ಎರಡು, ಷಡ್ಭುಜಕ್ಕೆ ಮೂರು. ಉಬ್ಬು ಬಹುಮುಖಿ ಯಾವುದೇ ಆಗಲಿ, ಎರಡು ಲೆಕ್ಕಗಳೂ ಒಂದೇ ಉತ್ತರ ಕೊಡುತ್ತವೆ. ತ್ರಿಭುಜದ ಪಟ್ಟಕಕ್ಕೆ (ಪ್ರಿಸ್ಮ್) ಮೂರು ಚೌಕ, ಆದ್ದರಿಂದ ಮೂರು ಅಡ್ಡಕಡ್ಡಿ. ಚೌಕ ತಳದ ಪಿರಮಿಡ್ಡಿಗೆ ತಳದಲ್ಲಿ ಒಂದೇ ಒಂದು. ಕಡ್ಡಿ ಕತ್ತರಿಸುವ ಮೊದಲೇ ಎಷ್ಟು ಬೇಕೆಂದು ಬರೆದಿಟ್ಟುಕೊಳ್ಳಬಹುದು.

ಘನದ ಆರು ಮುಖಗಳಿಗೂ ಒಂದೊಂದು ಕರ್ಣ ಹಾಕಿದೆ, ಗಾಡಿಯಿಂದ ಗಾಡಿಗೆ 42.4 ಸೆಂ.ಮೀ. ಮನಸ್ಸಿಗೆ ಬಂದಂತೆ ಹಾಕಿದರೂ ನಿಲ್ಲುತ್ತದೆ. ಆದರೆ ಒಂದು ಮೂಲೆಯಿಂದ ಮೂರು ಕರ್ಣಗಳು ಹೊರಟು, ಅವು ಮುಟ್ಟಿದ ಮೂರು ಮೂಲೆಗಳನ್ನು ಉಳಿದ ಮೂರು ಕರ್ಣಗಳು ಜೋಡಿಸುವಂತೆ ಹಾಕಿದರೆ ಆ ಆರು ಕಡ್ಡಿಗಳೇ ಒಂದು ಚತುರ್ಮುಖಿಯಾಗುತ್ತವೆ. ಘನದೊಳಗೆ ಚತುರ್ಮುಖಿ! ಅಡ್ಡಕಡ್ಡಿಯ ನೆರಳು ಕಾಗದದ ಮೇಲೆ ಬಿದ್ದು ಅಸಹ್ಯವಾಗುತ್ತದೆ ಎಂದು ಅಳುಕಿದ್ದೆ. ಈಗ ಆ ನೆರಳೇ ನೋಡುವಂಥದ್ದಾಯಿತು. ಎಲ್ಲಕ್ಕಿಂತ ಹೆಚ್ಚು ಪ್ರಶ್ನೆಗಳು ಬಂದದ್ದು ಈ ದೀಪಕ್ಕೆ.

ಹಂತ 6: ದ್ವಾದಶಮುಖಿ, ಮೊದಲು ಬಿದಿರಿನಲ್ಲಿ, ಆಮೇಲೆ ರಟ್ಟಿನಲ್ಲಿ

ಕೊರತೆ ಇಪ್ಪತ್ತನಾಲ್ಕು ಎಂದು ಗೊತ್ತಿದ್ದೂ ಹಟದಿಂದ ಬಿದಿರಿನಲ್ಲೇ ಕಟ್ಟಿದೆ. ಪಂಚಭುಜದ ಕರ್ಣ ಅದರ ಬದಿಯ 1.618 ಪಟ್ಟು, ಅಂದರೆ 15 ಸೆಂ.ಮೀ. ಅಂಚಿಗೆ 24.3 ಸೆಂ.ಮೀ. ಮೂವತ್ತು ಅಂಚುಗಳಿಗೆ 4.5 ಮೀಟರ್ ಬಿದಿರು, ಇಪ್ಪತ್ತನಾಲ್ಕು ಕರ್ಣಗಳಿಗೆ 5.8 ಮೀಟರ್. ಆಧಾರವೇ ಆಕಾರಕ್ಕಿಂತ ಹೆಚ್ಚು! ಬಿದಿರು ಉಳಿಸಲು ಕರ್ಣಗಳ ಜಾಗದಲ್ಲಿ ನೂಲು ಎಳೆದು ಕಟ್ಟಿದೆ. ನೂಲು ಎಳೆತವನ್ನು ತಡೆಯುತ್ತದೆ, ಒತ್ತಡವನ್ನು ತಡೆಯುವುದಿಲ್ಲ. ಒಂದು ಮುಖದಲ್ಲಿ ಬಿಗಿ ಮಾಡಿದರೆ ಎದುರು ಮುಖದಲ್ಲಿ ಜೋತುಬಿತ್ತು. ಅಲ್ಲಿ ಬಿಗಿ ಮಾಡಿದರೆ ಈ ಕಡೆಯ ಪಂಚಭುಜವೇ ಡೊಂಕಾಗಿ ಒಳಗೆ ಮಡಚಿತು. ಕೊನೆಗೆ ಸೊಟ್ಟ ಮೂತಿಯ ಯಾವುದೋ ಒಂದು ಗೂಡು ಕೈಯಲ್ಲಿ ಉಳಿಯಿತು. ಬಿಚ್ಚಿ, ಕಡ್ಡಿಗಳನ್ನು ಬೇರೆ ಕೆಲಸಕ್ಕೆ ತೆಗೆದಿಟ್ಟೆ.

ಹಾಗಾದರೆ ಅಂಗಡಿಯ ರಟ್ಟಿನ ಪೆಟ್ಟಿಗೆಗಳು ಅಡ್ಡಕಡ್ಡಿಯಿಲ್ಲದೆ ಹೇಗೆ ನಿಲ್ಲುತ್ತವೆ? ರಟ್ಟಿನಲ್ಲಿ ಮುಖವೇ ಗಟ್ಟಿ. ಪಂಚಭುಜದ ರಟ್ಟು ತನ್ನೊಳಗೆ ತಿರುಚುವುದಿಲ್ಲ, ಅಂಚಿನಲ್ಲಿ ಮಾತ್ರ ಮಡಚುತ್ತದೆ. ಗಟ್ಟಿ ಮುಖಗಳನ್ನು ಅಂಚಿಗೆ ಅಂಚು ಸೇರಿಸಿ ಮುಚ್ಚಿದ ಉಬ್ಬು ಆಕೃತಿ ಅಲುಗಾಡಲಾರದು ಎಂದು ಫ್ರಾನ್ಸಿನ ಗಣಿತಜ್ಞ ಕೋಶಿ 1813ರಲ್ಲೇ ತೋರಿಸಿದ್ದಾನೆ. ಪಂಚಭುಜವಾದರೂ ಸರಿ, ಇಪ್ಪತ್ತು ಬದಿಯದಾದರೂ ಸರಿ.

56×71 ಸೆಂ.ಮೀ. ದಪ್ಪ ರಟ್ಟಿನ ಹಾಳೆ ತೆಗೆದುಕೊಂಡೆ. ನಡುವೆ ಒಂದು, ಸುತ್ತ ಐದು ಪಂಚಭುಜಗಳ ಹೂವನ್ನು ಒಂದೇ ತುಂಡಿನಲ್ಲಿ ಕತ್ತರಿಸಿ ಮಡಚುವ ಯೋಚನೆ ಇತ್ತು, 15 ಸೆಂ.ಮೀ. ಅಂಚಿಗೆ ಆ ಹೂವು 60 ಸೆಂ.ಮೀ. ಮೀರುವುದರಿಂದ ಹಾಳೆಯಲ್ಲಿ ಕೂರಲಿಲ್ಲ. ಬಿಡಿಬಿಡಿಯಾಗಿ ಕತ್ತರಿಸಿದರೆ ಒಂದು ಹಾಳೆಗೆ ಸರಿಯಾಗಿ ಆರು ಬರುತ್ತವೆ, ಎರಡು ಹಾಳೆಗೆ ಹನ್ನೆರಡು. ಕೈವಾರವನ್ನು 12.8 ಸೆಂ.ಮೀ.ಗೆ ತೆರೆದು ವೃತ್ತ ಎಳೆದು, 72 ಡಿಗ್ರಿಗೊಂದು ಗುರುತು ಹಾಕಿದರೆ ಪಂಚಭುಜ. ಸುತ್ತ 2 ಸೆಂ.ಮೀ. ಅಂಚು ಬಿಟ್ಟು ನಡುವೆ ಕಿಟಕಿ ತೆಗೆಯಬೇಕು. ಅಂಚನ್ನು 1 ಸೆಂ.ಮೀ.ಗೆ ಇಳಿಸಿದ ಒಂದು ತುಂಡು ಅಂಟು ತಾಗಿದೊಡನೆ ಬಳುಕಿತು, ಆದ್ದರಿಂದ ಎರಡಕ್ಕಿಂತ ಕಡಿಮೆ ಬೇಡ. ಆರಾರು ತುಂಡುಗಳನ್ನು ಬಟ್ಟೆಯ ಟೇಪಿನಿಂದ ಜೋಡಿಸಿ ಎರಡು ಬೋಗುಣಿಗಳನ್ನು ಮಾಡಿ, ಬಲ್ಬನ್ನು ಒಳಗಿಟ್ಟು, ಬಾಯಿಗೆ ಬಾಯಿ ಸೇರಿಸಿದೆ. ತುದಿಯಿಂದ ತುದಿಗೆ 42 ಸೆಂ.ಮೀ. ಎಳ್ಳಷ್ಟೂ ಅಲುಗದು.

ಇದೇ ಉತ್ಸಾಹದಲ್ಲಿ ಒಂದು ಪುಟ್ಟ ವಿಂಶತಿಮುಖಿಯನ್ನೂ ರಟ್ಟಿನಲ್ಲಿ ಮಾಡಲು ಹೋದೆ. ಇಪ್ಪತ್ತು ತ್ರಿಭುಜ, ಇಪ್ಪತ್ತು ಕಿಟಕಿ, ಚೂಪು ಮೂಲೆಗಳಲ್ಲಿ ಐದೈದು ಟೇಪುಗಳು ಒಂದರ ಮೇಲೊಂದು. ಅರ್ಧಕ್ಕೆ ಕೈಬಿಟ್ಟೆ. ಬಿದಿರಿನಲ್ಲಿ ಅತಿ ಸಲೀಸಾದದ್ದು ರಟ್ಟಿನಲ್ಲಿ ತಲೆನೋವು, ಬಿದಿರಿನಲ್ಲಿ ಆಗದದ್ದು ರಟ್ಟಿನಲ್ಲಿ ಒಂದು ಸಂಜೆಯ ಕೆಲಸ. ಪಠ್ಯಪುಸ್ತಕ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಕಟ್ಟುವವರು ಹಾಗೆ ನಿಲ್ಲಿಸಲಾರರು. ಸಾಮಾನು ಕೊಳ್ಳುವ ಮೊದಲು ಮುಖದ ಬದಿಗಳನ್ನು ಎಣಿಸಿಕೊಂಡರೆ ಕಾಲುಭಾಗ ಖರ್ಚು, ಅರ್ಧ ಸಿಟ್ಟು ಉಳಿಯುತ್ತದೆ.

ಹಂತ 7: ಘನಾಷ್ಟಮುಖಿ

ಇದು ನಮ್ಮ ಮಾವನವರ ಪಾಲಿನ ದೀಪ. ಕಾರ್ಕಳದ ಕಡೆ ಚಿಕ್ಕಂದಿನಲ್ಲಿ ಗೂಡುದೀಪ ಕಟ್ಟಿದ ಕೈ ಅವರದು. ಚೌಕಗಳನ್ನು ಮಾಡಿಕೊಂಡು ಮೂಲೆಗೆ ಮೂಲೆ ಕಟ್ಟುವುದು ಅವರ ಕ್ರಮ. ಆರು ಚೌಕಗಳನ್ನು ಮೂಲೆಗೆ ಮೂಲೆ ಕಟ್ಟಿದರೆ ನಡುವಿನ ಎಂಟು ತ್ರಿಭುಜಗಳು ತಾವಾಗಿಯೇ ಮೂಡುತ್ತವೆ. ಅವಕ್ಕೆ ಪ್ರತ್ಯೇಕ ಕಡ್ಡಿ ಬೇಡ. ಒಟ್ಟು 24 ಕಡ್ಡಿ, 12 ಶೃಂಗ. ಕೂತಲ್ಲಿಂದಲೇ ಅವರು ಹೇಳಿದರು, ನಾನು ಕಟ್ಟಿದೆ. ಆದರೆ ಸಡಿಲ ಚೌಕಗಳು ಪ್ರತಿ ಗಂಟಿಗೂ ಜಾರಿ, ಎರಡು ಕೈ ಸಾಲಲಿಲ್ಲ.

ಪ್ರತಿ ಕಡ್ಡಿಯೂ ಒಂದು ಚೌಕಕ್ಕೂ ಒಂದು ತ್ರಿಭುಜಕ್ಕೂ ಸೇರಿದ್ದು. ಹಾಗಿದ್ದರೆ ತ್ರಿಭುಜಗಳಿಂದಲೇ ಯಾಕೆ ಶುರು ಮಾಡಬಾರದು? ಎಂಟು ತ್ರಿಭುಜಕ್ಕೂ ಅದೇ 24 ಕಡ್ಡಿಗಳು. ಒಂದೊಂದೂ ತನ್ನಷ್ಟಕ್ಕೆ ಗಟ್ಟಿ. ಎಂಟನ್ನೂ ಮೊದಲೇ ಕಟ್ಟಿಟ್ಟುಕೊಂಡು ಮೂಲೆಗೆ ಮೂಲೆ ಸೇರಿಸಿದರೆ ಆರು ಚೌಕಗಳು ತಾವಾಗಿ ಮೂಡಿದವು. “ಇದೂ ಆಗುತ್ತದೆ” ಎಂದರು ಮಾವ. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಕೊರತೆ ಆರು, ಪ್ರತಿ ಚೌಕಕ್ಕೊಂದು. ಆ ಅಡ್ಡಕಡ್ಡಿಗಳನ್ನು ಹಾಕುವ ಮೊದಲು ಮೇಲಿನ ತ್ರಿಭುಜವನ್ನು ಕೈಯಿಂದ ಕೆಳಗೆ ಒತ್ತಿ ನೋಡಿ. ಎಂಟು ತ್ರಿಭುಜಗಳೂ ಒಟ್ಟಿಗೆ ತಿರುಗುತ್ತ ಇಡೀ ಗೂಡು ಒಳಗೆ ಸುತ್ತಿಕೊಂಡು ಅಷ್ಟಮುಖಿಯಾಗುತ್ತದೆ. ಬಿಟ್ಟು ಎಳೆದರೆ ಮತ್ತೆ ಅರಳುತ್ತದೆ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಈ ಚಲನೆಯನ್ನು ಜಿಟರ್‌ಬಗ್ ಎಂದು ಕರೆದು ಹೆಸರುವಾಸಿ ಮಾಡಿದ. ನಮಗೆ ಅದು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂದಿತು, ಹಂತ 10 ನೋಡಿ.

ಒಂದು ಅನುಕೂಲವನ್ನು ಹೇಳಲೇಬೇಕು: ಈ ಆಕೃತಿಯಲ್ಲಿ ಕೇಂದ್ರದಿಂದ ಶೃಂಗಕ್ಕೆ ಇರುವ ದೂರವೂ ಅಂಚಿನ ಉದ್ದವೂ ಒಂದೇ. 30 ಸೆಂ.ಮೀ. ಕಡ್ಡಿಯಾದರೆ ಅಡ್ಡಗಲ 60. ಬಲ್ಬನ್ನು ನಡುವೆ ಇಟ್ಟಾಗ ಅದು ಎಲ್ಲ ಮೂಲೆಗಳಿಂದಲೂ ಒಂದು ಕಡ್ಡಿಯಷ್ಟು ದೂರದಲ್ಲಿದೆಯೇ ಎಂದು ಉಳಿದ ಒಂದು ಕಡ್ಡಿಯನ್ನೇ ಹಿಡಿದು ನೋಡಿದರೆ ಸಾಕು.

ಹಂತ 8: ದುಂಡಗಿನವು

ಸಿಲಿಂಡರಿಗೆ 20 ಸೆಂ.ಮೀ. ವ್ಯಾಸದ ಎರಡು ಬಳೆ. ಸುತ್ತಳತೆ 62.8, ಮೇಲೆ 5 ಸೆಂ.ಮೀ. ಒಂದರ ಮೇಲೊಂದು ಬರಲು. ಕಡ್ಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಲೆಯ ಮೇಲೆ ದೂರದಿಂದ ಬಿಸಿ ಮಾಡುತ್ತ ಬಾಗಿಸಬೇಕು. ಗಿಣ್ಣು ಇರುವಲ್ಲಿ ಬಾಗದೆ, ಅದರ ಪಕ್ಕದಲ್ಲಿ ಹೆಚ್ಚು ಬಾಗಿ ಬಳೆ ಮೊಟ್ಟೆಯಾಕಾರವಾಯಿತು. ಗಿಣ್ಣಿನ ಒಳಮೈಯನ್ನು ಕೆತ್ತಿ ತೆಳ್ಳಗೆ ಮಾಡಿದ ಮೇಲೆ ಸುಮಾರಾಗಿ ದುಂಡಗಾಯಿತು. ಎತ್ತರ 40 ಸೆಂ.ಮೀ., ಎರಡು ಬಳೆಗಳ ನಡುವೆ ನಾಲ್ಕು ನೇರ ಕಡ್ಡಿ.

ಶಂಕುವಿಗೆ ಗೂಡು ಬೇಕಿಲ್ಲ. 30 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ 120 ಡಿಗ್ರಿಯ ತುಂಡನ್ನು ಡ್ರಾಯಿಂಗ್ ಹಾಳೆಯಲ್ಲಿ ಕತ್ತರಿಸಿ ಸುತ್ತಿದರೆ ಅಡಿಯ ವ್ಯಾಸ ಸರಿಯಾಗಿ 20 ಸೆಂ.ಮೀ. ಬರುತ್ತದೆ. ಅಂಟಿಸಲು 1.5 ಸೆಂ.ಮೀ. ಹೆಚ್ಚುವರಿ ಬಿಡಬೇಕು.

ಗೋಳ ಆಗಲಿಲ್ಲ, ಆಗುವುದೂ ಇಲ್ಲ. ಸಿಲಿಂಡರ್ ಮತ್ತು ಶಂಕುವಿನ ಮೈಯನ್ನು ಬಿಚ್ಚಿ ನೆಲದ ಮೇಲೆ ಹಾಸಬಹುದು. ಗೋಳದ ಮೈಯನ್ನು ಹರಿಯದೆ, ಹಿಗ್ಗಿಸದೆ ಹಾಸಲು ಬರುವುದಿಲ್ಲ. ಭೂಪಟ ಬರೆಯುವವರ ಕಷ್ಟವೇ ಇದು. 30 ಸೆಂ.ಮೀ. ವ್ಯಾಸಕ್ಕೆ ಹನ್ನೆರಡು ಎಸಳುಗಳನ್ನು ಕತ್ತರಿಸಿದೆ: ಪ್ರತಿಯೊಂದರ ಉದ್ದ 47.1 ಸೆಂ.ಮೀ., ನಡುವಿನ ಅಗಲ 7.85, ನಡುವಿನಿಂದ ತುದಿಯತ್ತ ಮೂರನೆಯ ಒಂದು ಭಾಗ ಹೋದಾಗ 6.8, ಮೂರನೆಯ ಎರಡು ಭಾಗ ಹೋದಾಗ 3.9, ತುದಿಯಲ್ಲಿ ಸೊನ್ನೆ. ಎಲ್ಲವನ್ನೂ ಅಂಟಿಸಿದ ಮೇಲೆ ಬಂದದ್ದು ಏಣು ಏಣಾದ ಕುಂಬಳಕಾಯಿ. ಎಸಳು ಹೆಚ್ಚಿಸಿದರೆ ಏಣು ಕಡಿಮೆಯಾಗುತ್ತದೆ, ಅಂಟಿಸುವ ಸಾಲು ಹೆಚ್ಚಾಗುತ್ತದೆ. ಹಾಗೆಯೇ ಬಿಟ್ಟಿದ್ದೇನೆ.

ಹಂತ 9: ಕಾಗದ ಮತ್ತು ಅಂಟು

ಗಾಳಿಪಟದ ಕಾಗದ, ಮೈದಾ ಅಂಟು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು, ಗಂಟಾಗದಂತೆ ಕದಡಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕುದಿಸಬೇಕು. ಜಿರಲೆ ಮತ್ತು ಇಲಿಗೆ ಈ ಅಂಟು ಬಹಳ ಇಷ್ಟ. ಮೊದಲು ಕಾಗದ ಹಚ್ಚಿದ ಅಷ್ಟಮುಖಿಯ ಎರಡು ಅಂಚುಗಳನ್ನು ರಾತ್ರಿಯಲ್ಲಿ ತಿಂದುಹಾಕಿದ್ದವು. ಮುಂದಿನ ಪಾಕಕ್ಕೆ ಚಿಟಿಕೆ ಮೈಲುತುತ್ತು ಸೇರಿಸಿದೆ. ಅದು ವಿಷ. ಹಳೆಯ ಡಬ್ಬದಲ್ಲಿ ಕಲಸಿ, ಡಬ್ಬವನ್ನು ಎಸೆದುಬಿಡಿ. ಈ ಭಾಗವನ್ನು ಮಕ್ಕಳ ಕೈಗೆ ಕೊಡಬೇಡಿ.

ಘನಕ್ಕೆ 5,400 ಚದರ ಸೆಂ.ಮೀ. ಕಾಗದ ಬೇಕು, ಘನಾಷ್ಟಮುಖಿಗೆ ಸುಮಾರು 8,500. 50×75 ಸೆಂ.ಮೀ. ಹಾಳೆಯಲ್ಲಿ 3,750. ಮಡಚಲು ಒಂದು ಬೆರಳು ಅಗಲ ಬಿಟ್ಟೇ ಲೆಕ್ಕ ಹಾಕಬೇಕು.

ಕಾಗದವನ್ನು ಎದುರುಬದುರು ಮುಖಗಳಿಗೆ ಜೋಡಿಯಾಗಿ ಹಚ್ಚಬೇಕು. ಒಂದೇ ಕಡೆ ಮೂರು ಮುಖಗಳಿಗೆ ಹಚ್ಚಿದಾಗ ಅಂಟು ಆರುತ್ತ ಕಾಗದ ಬಿಗಿದು ಗೂಡನ್ನು ಆ ಕಡೆಗೆ ಎಳೆಯಿತು. ಸುಕ್ಕು ಬಿಡಿಸಲು ನೀರು ಚಿಮುಕಿಸುವ ಉಪಾಯ ಬಿಳಿ ಕಾಗದಕ್ಕೆ ಚೆನ್ನಾಗಿ ಹಿಡಿಸಿತು. ಕೆಂಪು ಕಾಗದದ ಬಣ್ಣ ಕರಗಿ ಹಳದಿಯ ಮೇಲೆ ಹರಿಯಿತು. ಅಕ್ಟೋಬರಿನ ಸೆಕೆಯಲ್ಲಿ ಅಂಟು ಬೇಗ ಒಣಗುತ್ತದೆ ಎಂದುಕೊಂಡಿದ್ದರೆ, ಮಳೆ ಮರಳಿ ಬಂದು ಎರಡು ಗೂಡುಗಳ ಕಾಗದ ಜೋತುಬಿತ್ತು. ಅವನ್ನು ಮಾತ್ರ ಹರಿದು ಮತ್ತೆ ಹಚ್ಚಿದೆವು.

ಹಂತ 10: ದೀಪ ಮತ್ತು ಸಾಗಾಟ

ದೀಪದ ಕೆಲಸ ಪೂರ್ತಿ ಮೈದುನನದು. 5 ವಾಟಿನ ಎಲ್‌ಇಡಿ ಬಲ್ಬು, ಕಾಗದಕ್ಕೆ ತಾಗದಂತೆ ನಟ್ಟನಡುವೆ. ಭಾರವನ್ನು ವೈರು ಹೊರಬಾರದು, ಪ್ರತ್ಯೇಕ ನೂಲು ಹೊರಬೇಕು. ಘನವನ್ನು ಒಂದು ಮೂಲೆಯಿಂದ ನೇತುಹಾಕಿದೆವು. ಆಗ ಅದರ ಎತ್ತರ 52 ಸೆಂ.ಮೀ. ಆಗುತ್ತದೆ, ನೇರ ಕೆಳಗೆ ನಿಂತು ನೋಡಿದರೆ ಅಂಚುಗಳ ಹೊರರೇಖೆ ಷಡ್ಭುಜವಾಗಿ ಕಾಣುತ್ತದೆ.

ಈ ದೀಪಗಳನ್ನು ತೋರಿಸುವ ಕಾರ್ಯಕ್ರಮವಿದ್ದದ್ದು ಮುಂಬಯಿಯ ಮಾಟುಂಗಾದಲ್ಲಿ. ಡೊಂಬಿವಲಿಯಿಂದ ಸ್ಲೋ ಲೋಕಲ್ಲಿನ ಲಗೇಜು ಡಬ್ಬದಲ್ಲಿ ಹೋದೆವು. 60 ಸೆಂ.ಮೀ. ಅಗಲದ ಘನಾಷ್ಟಮುಖಿ ಅಖಂಡವಾಗಿ ಹೋಗುವಂತಿರಲಿಲ್ಲ. ಅದಕ್ಕೆ ಅಡ್ಡಕಡ್ಡಿ, ಕಾಗದ ಎರಡನ್ನೂ ಹಾಕದೆ, ಅಷ್ಟಮುಖಿಯಾಗಿ ಸುತ್ತಿ 42 ಸೆಂ.ಮೀ.ಗೆ ಇಳಿಸಿ, ನೂಲು ಕಟ್ಟಿ ಒಯ್ದೆವು. ಸಭಾಂಗಣದಲ್ಲಿ ಬಿಚ್ಚಿ, ಆರು ಅಡ್ಡಕಡ್ಡಿಗಳನ್ನು ಕಟ್ಟಿ, ಕತ್ತರಿಸಿ ತಂದಿದ್ದ ಕಾಗದಗಳನ್ನು ಹಚ್ಚಿದೆವು. ನಿಲ್ಲದ ಆಕಾರದಿಂದ ಆದ ಒಂದೇ ಲಾಭ ಇದು. ವಿಂಶತಿಮುಖಿಯನ್ನು ಮಡಚುವಂತಿಲ್ಲವಲ್ಲ, ಕಲ್ವಾದಲ್ಲಿ ಹತ್ತಿದವರ ಮೀನಿನ ಬುಟ್ಟಿಯ ಪಕ್ಕದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತೆ.

ಖರ್ಚು

ಬಿದಿರು ಮತ್ತು ಸಿಗಿಯುವ ಕೂಲಿ 350 ರೂಪಾಯಿ, ನೂಲು 60, ಗಾಳಿಪಟದ ಕಾಗದ 24 ಹಾಳೆ 120, ರಟ್ಟು ಮತ್ತು ಟೇಪು 150, ಒಂಬತ್ತು ಬಲ್ಬು 540, ಹೋಲ್ಡರು ಮತ್ತು ವೈರು 310, ವಾಲ್ವ್ ಟ್ಯೂಬು 30, ಮೈದಾ ಮತ್ತು ಮೈಲುತುತ್ತು 25. ಒಟ್ಟು 1,585. ಕಾಗದ ನಾಲ್ಕೈದು ಹಾಳೆ ಉಳಿದಿದೆ, ಬಿದಿರು ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ಮುಂದಿನದು

ಮಕ್ಕಳಿಗೆ ಈಗ ಫುಟ್‌ಬಾಲ್ ಬೇಕಂತೆ: ಹನ್ನೆರಡು ಪಂಚಭುಜ, ಇಪ್ಪತ್ತು ಷಡ್ಭುಜ. ಉಳಿದ ಬಿದಿರಿನಲ್ಲಿ ಕಟ್ಟೋಣ ಎಂದರು. ಬದಿಗಳಲ್ಲಿ ಮೂರು ಕಳೆಯಲು ಅವರಿಗೇ ಹೇಳಿದೆ. ಪಂಚಭುಜಗಳಿಗೆ 24, ಷಡ್ಭುಜಗಳಿಗೆ 60, ಒಟ್ಟು 84 ಅಡ್ಡಕಡ್ಡಿ, ಅದೂ 90 ಅಂಚುಗಳ ಮೇಲೆ. ಒಬ್ಬ ಹುಡುಗಿ ಪೆನ್ಸಿಲು ಕೆಳಗಿಟ್ಟು “ರಟ್ಟೇ ಇರಲಿ ಟೀಚರ್” ಎಂದಳು. ಅಂಚು 8 ಸೆಂ.ಮೀ. ಇಟ್ಟರೆ ವ್ಯಾಸ 39.6 ಸೆಂ.ಮೀ. ಬರುತ್ತದೆ, ಲೋಕಲ್ಲಿನಲ್ಲಿ ಹಿಡಿಸುತ್ತದೆ. ಷಡ್ಭುಜದ ಅಚ್ಚು ಕತ್ತರಿಸಿಟ್ಟಿದ್ದೇನೆ. 32 ಕಿಟಕಿಗಳಿಗೆ ಹೊಸ ಬ್ಲೇಡುಗಳ ಒಂದು ಪೊಟ್ಟಣ ತರಬೇಕು.